ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ: ಎಸ್.ಪಿ. ರೋಡಿನ ಒಂದು ಚಿಪ್ ಲೆವೆಲ್ ರಿಪೇರಿ ಅಂಗಡಿ

ಬೆಂಗಳೂರಿನಲ್ಲಿ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿನ ಒಳಗಲ್ಲಿಯೊಂದರಲ್ಲಿ, ಎರಡನೇ ಮಹಡಿಯಲ್ಲಿರುವ ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಬೋರ್ಡು) ರಿಪೇರಿ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡಿ ಮೇಡಂ, ಕೆಲಸ ಮಾಡೋನು ನಾನೊಬ್ಬನೇ, ಜನ ಜಾಸ್ತಿ ಆದರೆ ಒಂದು ಬೋರ್ಡನ್ನೂ ಸರಿಯಾಗಿ ನೋಡೋಕಾಗಲ್ಲ" ಎಂದು ಅಂಗಡಿಯವರೇ ಕೇಳಿಕೊಂಡರು. ಹಾಗಾಗಿ ಹೆಸರು, ನಂಬರು ಕೊಡುವುದಿಲ್ಲ. ಆದರೆ ಅವರು ಕೆಲಸ ಮಾಡಿದ ರೀತಿಯನ್ನು ಪೂರ್ತಿ ಬರೆಯುತ್ತೇನೆ. ನೀವು ಯಾವ ಊರಿನ ಯಾವ ಅಂಗಡಿಗೆ ಹೋದರೂ, ಎದುರಿಗೆ ಕೂತವರು ನಿಜವಾಗಿ ಪರೀಕ್ಷೆ ಮಾಡುತ್ತಿದ್ದಾರೋ ಸುಮ್ಮನೆ ಅಂದಾಜಿನ ಮೇಲೆ ಹೇಳುತ್ತಿದ್ದಾರೋ ಗೊತ್ತಾಗಲಿ ಅಂತ.

ನನ್ನದು ತುಮಕೂರಿನಲ್ಲಿ ಡಿಟಿಪಿ ಸೆಂಟರ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ನಡುನಡುವೆ ಪಿಎಚ್‌ಡಿ ಪ್ರಬಂಧ. ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ನುಡಿ ತಂತ್ರಾಂಶದ ಕನ್ನಡ ಅಕ್ಷರದಲ್ಲಿ, ಪುಟ ವಿನ್ಯಾಸದ ಪೇಜ್‌ಮೇಕರ್ 7ರ ಫೈಲುಗಳಾಗಿ ಕೂತಿದೆ. ಪೇಜ್‌ಮೇಕರ್‌ನ ಆ ಆವೃತ್ತಿ 2001ರಲ್ಲಿ ಬಂದದ್ದು, ಅದರ ಮುಂದೆ ಇನ್ನೊಂದು ಬರಲೇ ಇಲ್ಲ. ಹಾಗಾಗಿ ನನ್ನ ಹಳೆಯ ಯಂತ್ರಕ್ಕೆ ನಾನು ಬೆಲೆ ಕೊಡುತ್ತೇನೆ. ಇಂಟೆಲ್ ಎಚ್61 ಚಿಪ್‌ಸೆಟ್‌ನ ಬೋರ್ಡು, ಐ3 ಪ್ರೊಸೆಸರ್, ಡಿಡಿಆರ್3 ರ‍್ಯಾಮ್, ವಿಂಡೋಸ್ 7. ಹಿಂಬದಿಯಲ್ಲಿ ಎಲ್‌ಪಿಟಿ ಪೋರ್ಟ್ ಇದೆ, ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದಕ್ಕೇ ಸಿಕ್ಕಿಸಿರುವುದು. ಈಗಿನ ಬೋರ್ಡುಗಳಿಗೆ ವಿಂಡೋಸ್ 7ರ ಡ್ರೈವರ್ ಸಿಗುವುದಿಲ್ಲ, ಎಲ್‌ಪಿಟಿಯ ಮಾತಂತೂ ದೂರ ಉಳಿಯಿತು.

ಲಗ್ನದ ಸೀಸನ್ ಶುರುವಾಗುವ ಹೊತ್ತಿಗೆ ಅದು ಕೈಕೊಟ್ಟಿತು. ಪವರ್ ಬಟನ್ ಒತ್ತಿದರೆ ಫ್ಯಾನ್ ಮೂರ್ನಾಲ್ಕು ಸೆಕೆಂಡ್ ತಿರುಗಿ ನಿಲ್ಲುವುದು, ತಾನಾಗಿಯೇ ಮತ್ತೆ ತಿರುಗುವುದು, ಮತ್ತೆ ನಿಲ್ಲುವುದು. ಮಾನಿಟರ್ ಕಪ್ಪು. ಮನೆಯಲ್ಲಿ ಯಾರಾದರೂ ಮಾಡಬಹುದಾದದ್ದನ್ನೆಲ್ಲ ನಾನೂ ಮಾಡಿದೆ. ವೈರ್ ಕಿತ್ತು ಪವರ್ ಬಟನ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿದೆ. ರ‍್ಯಾಮ್ ಬಿಚ್ಚಿ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಬೇರೆ ಸ್ಲಾಟಿಗೆ ಹಾಕಿದೆ. ಸಿಆರ್2032 ಸೆಲ್ ಬದಲಾಯಿಸಿ, ಜಂಪರ್ ಹಾಕಿ ಸಿಮಾಸ್ ಕ್ಲಿಯರ್ ಮಾಡಿದೆ, ಅಂದರೆ ಬೋರ್ಡು ಉಳಿಸಿಕೊಂಡ ಸೆಟ್ಟಿಂಗ್ ಅಳಿಸಿದೆ. ಕೀಬೋರ್ಡ್, ಪ್ರಿಂಟರ್, ಹಾರ್ಡ್ ಡಿಸ್ಕ್ ಎಲ್ಲ ಬಿಡಿಸಿ ಬರೀ ಬೋರ್ಡು ಇಟ್ಟು ನೋಡಿದೆ. ಏನೂ ಬದಲಾಗಲಿಲ್ಲ.

ಊರಿನ ಒಬ್ಬ ಸರ್ವಿಸ್‌ನವರು ಬಂದು, ಒಮ್ಮೆ ಆನ್ ಮಾಡಿ, ಒಮ್ಮೆ ಆಫ್ ಮಾಡಿ, "ಮದರ್‌ಬೋರ್ಡ್ ಹೋಗಿದೆ" ಎಂದರು. ಮೀಟರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಬ್ರ್ಯಾಂಡ್ ಇಲ್ಲದ ಹೊಸ ಎಚ್61 ಬೋರ್ಡು ಹಾಕಿಕೊಡುತ್ತೇನೆ ಎಂದರು. ನನಗೆ ಬೇಸರ ತಂದದ್ದು ರೇಟಲ್ಲ. ಬೋರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸರಿ ಇದೆಯೇ ಎಂದು ಕೂಡ ನೋಡದೆ ಬೋರ್ಡು ಹೋಗಿದೆ ಎನ್ನುವುದು. ಕೆಟ್ಟ ಎಸ್‌ಎಂಪಿಎಸ್ ಮೇಲೆ ಹೊಸ ಬೋರ್ಡು ಕೂರಿಸಿದರೆ ಅದರ ಗತಿ ಏನು?

ಎಸ್.ಪಿ. ರೋಡಿನ ಅಂಗಡಿಯಲ್ಲಿ ಮೊದಲು ಕೈಗೆ ಬಂದದ್ದೇ ಮೀಟರು. ಟೇಬಲ್ಲು ಆರಡಿ ಉದ್ದ ಇರಬಹುದು. ಹಾಟ್ ಏರ್ ಸ್ಟೇಷನ್, ಸಾಲ್ಡರಿಂಗ್ ಐರನ್, ಮೈಕ್ರೋಸ್ಕೋಪ್, ಒಂದು ಹಳೆಯ ಎಲ್‌ಸಿಡಿ ಮಾನಿಟರ್. ಬೋರ್ಡನ್ನು ಕ್ಯಾಬಿನೆಟ್‌ನಿಂದ ಪೂರ್ತಿ ಹೊರತೆಗೆದು ರಟ್ಟಿನ ಡಬ್ಬದ ಮೇಲೆ ಇಟ್ಟರು. ಒಳಗೆ ಯಾವುದಾದರೂ ಸ್ಕ್ರೂ, ಸ್ಟ್ಯಾಂಡ್‌ಆಫ್ ಹಿಂದಿನಿಂದ ತಾಗಿ ಶಾರ್ಟ್ ಆಗುತ್ತಿದ್ದರೆ ಇಲ್ಲೇ ಗೊತ್ತಾಗಿಬಿಡುತ್ತೆ ಎಂದರು. ತಾಗುತ್ತಿರಲಿಲ್ಲ.

ಆಮೇಲೆ ಎಸ್‌ಎಂಪಿಎಸ್. 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರನ್ನು ಕಪ್ಪಿಗೆ ಸೇರಿಸಿದರೆ ಬೋರ್ಡಿಲ್ಲದೆಯೂ ಅದು ಆನ್ ಆಗುತ್ತೆ. ಫ್ಯಾನ್ ತಿರುಗಿತು. ಬಹಳ ಜನ ಅಲ್ಲಿಗೇ "ಎಸ್‌ಎಂಪಿಎಸ್ ಓಕೆ" ಅಂದುಬಿಡುತ್ತಾರೆ. ಇವರು ಲೋಡ್ ಕೊಟ್ಟು ಒಂದೊಂದೇ ವೈರು ಅಳೆದರು. ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3, ಮೂರೂ ಲೆಕ್ಕದೊಳಗೇ ಇದ್ದವು. ನೇರಳೆ ವೈರಿನಲ್ಲಿ ಮೀಟರು 4.6ಕ್ಕೆ ನಿಂತಿತು. ಅದು ಸ್ಟ್ಯಾಂಡ್‌ಬೈ ಲೈನು. ಕಂಪ್ಯೂಟರ್ ಆಫ್ ಇದ್ದಾಗಲೂ ಬೋರ್ಡಿಗೆ ಹೋಗುತ್ತಿರುವ 5 ವೋಲ್ಟ್ ಅದೇ. ನೂರಕ್ಕೆ ಐದು ಹೆಚ್ಚುಕಡಿಮೆ ನಡೆಯುತ್ತೆ, ಅಂದರೆ 4.75ಕ್ಕಿಂತ ಕೆಳಗೆ ಇಳಿಯಬಾರದು. "ಇದು ಬದಲಾಗಲೇಬೇಕು. ಆದರೆ ನಿಮ್ಮ ಪ್ರಾಬ್ಲಂ ಇಷ್ಟೇ ಅಂತ ನಾನು ಈಗಲೇ ಹೇಳಲ್ಲ" ಎಂದರು. ಈ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಒಂದು ತಪ್ಪು ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಲಿಲ್ಲ.

ಅಂಗಡಿಯದೇ ಎಸ್‌ಎಂಪಿಎಸ್ ಹಾಕಿದರು. ಅದೇ ಕಥೆ, ತಿರುಗಿ ನಿಲ್ಲುತ್ತೆ, ತಿರುಗಿ ನಿಲ್ಲುತ್ತೆ. ನಾಲ್ಕು ಪಿನ್ನಿನ ಪುಟ್ಟ ಸ್ಪೀಕರ್ ಸಿಕ್ಕಿಸಿ ರ‍್ಯಾಮ್ ಪೂರ್ತಿ ತೆಗೆದುಬಿಟ್ಟರು. ಇದು ಖರ್ಚಿಲ್ಲದ ಪರೀಕ್ಷೆ, ಮನೆಯಲ್ಲೇ ಮಾಡಬಹುದು, ಎಲ್ಲರಿಗೂ ಗೊತ್ತಿರಬೇಕು. ರ‍್ಯಾಮ್ ಇಲ್ಲದ ಬೋರ್ಡು ಸಾಮಾನ್ಯವಾಗಿ ಉದ್ದುದ್ದ ಬೀಪ್ ಹೊಡೆದು ಗಲಾಟೆ ಮಾಡುತ್ತೆ. ಹಾಗೆ ಮಾಡಿತು ಅಂದರೆ ಪ್ರೊಸೆಸರ್ ಎದ್ದಿದೆ, ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಓಡುತ್ತಿದೆ, ರ‍್ಯಾಮ್ ಎಲ್ಲಿ ಅಂತ ಕೇಳುತ್ತಿದೆ ಎಂದರ್ಥ. ಆಗ ರ‍್ಯಾಮ್ ಅಥವಾ ಅದರ ಸ್ಲಾಟಿನ ಕಡೆ ನೋಡಬೇಕು. ನನ್ನ ಬೋರ್ಡು ಉಸಿರೆತ್ತಲಿಲ್ಲ. ಅಂದರೆ ತೊಂದರೆ ರ‍್ಯಾಮಿಗಿಂತ ಮೊದಲೇ ಇದೆ.

ಬೋರ್ಡು ಆನ್ ಆಗುವಾಗ ಎಲ್ಲಿಯವರೆಗೆ ಬಂತು ಅಂತ ತೋರಿಸುವ ಪೋಸ್ಟ್ ಕಾರ್ಡ್ ಹಾಕಿದರು. ಎರಡು ಅಂಕೆ ತೋರಿಸುವ, ಪಿಸಿಐ ಸ್ಲಾಟಿಗೆ ಕೂರುವ ಸಣ್ಣ ಕಾರ್ಡು. ಅಂಕೆಗಳ ಪಕ್ಕ ಪುಟಾಣಿ ಎಲ್‌ಇಡಿಗಳ ಸಾಲು. ಅದರಲ್ಲಿ ರೀಸೆಟ್‌ನ ದೀಪ ಒಮ್ಮೆ ಹೊತ್ತಿ ಆರಬೇಕು, ಹೊತ್ತಿಯೇ ಉಳಿದರೆ ಬೋರ್ಡು ರೀಸೆಟ್‌ನಲ್ಲೇ ಸಿಕ್ಕಿಹಾಕಿಕೊಂಡಿದೆ ಅಂತ. ನಮ್ಮದು ಹೊತ್ತಿತು, ಆರಿತು. ಅಂಕೆ ಮಾತ್ರ 00 ಬಿಟ್ಟು ಅಲುಗಲಿಲ್ಲ. ಪ್ರೊಸೆಸರ್ ಪಕ್ಕದ ಕಾಯಿಲ್ ಮೇಲೆ ಮೀಟರಿನ ಕಡ್ಡಿ ಇಟ್ಟರು, ಸುಮಾರು 1 ವೋಲ್ಟ್ ಬರುತ್ತಿತ್ತು. ಪ್ರೊಸೆಸರಿಗೆ ಊಟ ಹೋಗುತ್ತಿದೆ. ಪ್ರೊಸೆಸರ್ ಎತ್ತಿ ಸಾಕೆಟ್ಟನ್ನು ಮೈಕ್ರೋಸ್ಕೋಪಿನ ಕೆಳಗೆ ಹಿಡಿದು ನನಗೂ ತೋರಿಸಿದರು. 1155 ಪಿನ್ನು, ಬಗ್ಗಿದ್ದು ಒಂದೂ ಇಲ್ಲ. ಅಂಗಡಿಯ ಒಂದು ಪೆಂಟಿಯಂ ಪ್ರೊಸೆಸರ್ ಹಾಕಿ ನೋಡಿದರು, ಅದೂ ಎದ್ದೇಳಲಿಲ್ಲ. ಕೆಪಾಸಿಟರ್ ಒಂದೂ ಉಬ್ಬಿರಲಿಲ್ಲ. ಉಳಿದದ್ದು ಬಯಾಸ್ ಚಿಪ್ಪು.

ಅಲ್ಲಿಂದ ಮುಂದಿನ ಕೆಲಸವನ್ನು ನಾನು ಸ್ಟೂಲಿನ ತುದಿಗೆ ಬಂದು ನೋಡಿದೆ. ಎಂಟು ಕಾಲಿನ, ಹೆಸರುಬೇಳೆಗಿಂತ ಕೊಂಚ ದೊಡ್ಡ ಚಿಪ್ಪು. ಸುತ್ತಲಿನ ಪ್ಲಾಸ್ಟಿಕ್ ಕನೆಕ್ಟರುಗಳು ಕರಗದಿರಲಿ ಅಂತ ಕಂದು ಬಣ್ಣದ ಶಾಖ ತಡೆಯುವ ಟೇಪ್ ಅಂಟಿಸಿದರು. ಬೆಸುಗೆ ಸರಾಗವಾಗಿ ಹರಿಯಲಿ ಅಂತ ಕಾಲುಗಳಿಗೆ ಫ್ಲಕ್ಸ್ ಸವರಿ ಹಾಟ್ ಏರ್ ಹಿಡಿದರು, ಒಂದೇ ಕಡೆ ನಿಲ್ಲಿಸದೆ ಸುತ್ತು ಹಾಕುತ್ತಾ. ಸಣ್ಣಗೆ ಹೊಗೆ ಎದ್ದಿತು, ಕಾಲುಗಳ ಸುತ್ತಲಿನ ಬೆಸುಗೆ ಒಮ್ಮೆಗೇ ಮಿರಿಮಿರಿ ಮಿಂಚಿತು. ಚಿಮುಟದಲ್ಲಿ ಮೆಲ್ಲಗೆ ತಳ್ಳಿ ನೋಡಿದರು, ಚಿಪ್ಪು ಜಾರಿತು, ಆಗ ಎತ್ತಿಕೊಂಡರು. ಎಳೆಯಲಿಲ್ಲ. ಬೆಸುಗೆ ಕರಗುವ ಮೊದಲು ಎಳೆದರೆ ಚಿಪ್ಪಿನ ಕಾಲು ಕೂರುವ ಬೋರ್ಡಿನ ಪ್ಯಾಡೇ ಕಿತ್ತು ಬರುತ್ತೆ, ಆಮೇಲೆ ಆ ಬೋರ್ಡನ್ನು ಸರಿ ಮಾಡೋದು ಬಹಳ ಕಷ್ಟ ಎಂದರು.

ಚಿಪ್ಪನ್ನು, ಅದರಲ್ಲಿರುವುದನ್ನು ಓದಿ ಬರೆಯುವ ಪ್ರೋಗ್ರಾಮರ್ ಎಂಬ ಸಾಧನಕ್ಕೆ ಹಾಕಿದರು. ಸಿಎಚ್341ಎ ಅಂತ ಎಲ್ಲ ಕಡೆ ಸಿಗುವ ಅಗ್ಗದ ಸಾಧನ. ಅದರ ಕಪ್ಪು ಬೋರ್ಡಿನ ಮಾದರಿಯಲ್ಲಿ ಡೇಟಾ ಲೈನುಗಳಲ್ಲಿ 5 ವೋಲ್ಟ್ ಬರುತ್ತದಂತೆ, 3.3 ವೋಲ್ಟಿನ ಚಿಪ್ಪಿಗೆ ಅದು ಒಳ್ಳೆಯದಲ್ಲ ಅಂತ ವೈರು ಹಾಕಿ ತಿದ್ದಿಕೊಂಡಿದ್ದರು. ಮೊದಲು ಚಿಪ್ಪಿನಲ್ಲಿದ್ದದ್ದನ್ನು ಓದಿ ಉಳಿಸಿಕೊಂಡರು. ಬಯಾಸ್ ಕೆಲಸದಲ್ಲಿ ಹಳೆಯದರ ಕಾಪಿ ಇಟ್ಟುಕೊಳ್ಳದೆ ಅಳಿಸುವವರ ಹತ್ತಿರ ಬೋರ್ಡು ಕೊಡಬಾರದು. ಮತ್ತೊಮ್ಮೆ ಓದಿ ಎರಡನ್ನೂ ಹೋಲಿಸಿದರು, ಒಂದೇ ಥರ ಇತ್ತು, ಅಂದರೆ ಓದಿದ್ದು ಸರಿಯಾಗಿದೆ. ತಯಾರಕರ ಜಾಲತಾಣದಿಂದ ಅದೇ ಮಾದರಿ, ಬೋರ್ಡಿನ ಮೂಲೆಯಲ್ಲಿ ಅಚ್ಚಾಗಿದ್ದ ಅದೇ ರಿವಿಷನ್‌ನ ಫೈಲು ತಂದು ಪಕ್ಕದಲ್ಲಿಟ್ಟರು. ಸೆಟ್ಟಿಂಗ್ ಉಳಿಯುವ ಜಾಗದಲ್ಲಿ ವ್ಯತ್ಯಾಸ ಇರುವುದು ಸಹಜ. ಆದರೆ ನಮ್ಮ ಚಿಪ್ಪಿನಲ್ಲಿ ಕೋಡ್ ಇರಬೇಕಾದ ಕಡೆ ಪರದೆ ತುಂಬ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ಖಾಲಿ. ಅಳಿಸಿ ಹೊಸದಾಗಿ ಬರೆದರು, ಬರೆದದ್ದು ಸರಿಯಾಗಿ ಕೂತಿದೆಯೇ ಅಂತ ವೆರಿಫೈ ಕೊಟ್ಟರೆ ಫೇಲ್. ಇನ್ನೊಮ್ಮೆಯೂ ಅದೇ ಅಡ್ರೆಸ್ಸಿನಲ್ಲಿ ಫೇಲ್. ಚಿಪ್ಪೇ ಹೋಗಿತ್ತು. ಡಬ್ಬಿಯಿಂದ ಅದೇ 4 ಎಂಬಿಯ ಹೊಸ ಚಿಪ್ಪು ತೆಗೆದು, ಬರೆದು, ವೆರಿಫೈ ಪಾಸ್ ಆದ ಮೇಲೆಯೇ ಬೋರ್ಡಿಗೆ ಕೂರಿಸಿದರು.

ರ‍್ಯಾಮ್ ಇಲ್ಲದೆ ಆನ್ ಮಾಡಿದಾಗ ಆ ಸ್ಪೀಕರ್ ಉದ್ದಕ್ಕೆ ಕೂಗಿಕೊಂಡಿತು. ಆ ಕರ್ಕಶ ಸದ್ದಿಗೆ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ರ‍್ಯಾಮ್ ಹಾಕಿದ ಮೇಲೆ ಒಂದೇ ಸಣ್ಣ ಬೀಪು, ಡಿಸ್‌ಪ್ಲೇ.

ಸ್ಟ್ಯಾಂಡ್‌ಬೈ ವೋಲ್ಟೇಜು ಇಳಿದದ್ದರಿಂದಲೇ ಚಿಪ್ಪು ಕೆಟ್ಟಿತಾ ಎಂದು ಕೇಳಿದೆ. "ಇರಬಹುದು, ಆದರೆ ಅದನ್ನು ಪ್ರೂವ್ ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಎಸ್‌ಎಂಪಿಎಸ್ ಮಾತ್ರ ಹಳೇದು ಹಾಕಬೇಡಿ" ಎಂದರು. ಅವರ ಅಂಗಡಿಯಲ್ಲಿ ಎಸ್‌ಎಂಪಿಎಸ್ ಮಾರುವುದಿಲ್ಲ. ಕೆಳಗೆ ಯಾವ ಅಂಗಡಿಯಲ್ಲಾದರೂ ಬಿಲ್, ವಾರಂಟಿ ಇರುವ ಬ್ರ್ಯಾಂಡಿನದು ತಗೊಳ್ಳಿ ಎಂದು ಕಳಿಸಿದರು, ತಂದದ್ದನ್ನು ಮತ್ತೆ ಅಳೆದು ಕೊಟ್ಟರು. ಚಿಪ್ಪು, ಕೂಲಿ ಎಲ್ಲ ಸೇರಿ ₹1,100 ಆಯಿತು. ರಿಪೇರಿ ಆಗದಿದ್ದರೆ ಪರೀಕ್ಷೆಗೆ ₹200 ಮಾತ್ರ ಎಂದು ಶುರುವಿನಲ್ಲೇ ಹೇಳಿದ್ದರು. ಹಳೆಯ ಚಿಪ್ಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು, ಕೇಳದೆಯೇ.

ಕೊರತೆಗಳೂ ಇವೆ. ಬಿಲ್ಲು ಎನ್ನುವುದು ಬಿಳಿ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದದ್ದು, ವಾರಂಟಿ ಬಾಯಿಮಾತು. ಅಂಗಡಿ ನಡೆಸುವ ನನ್ನಂಥವರಿಗೆ ಲೆಕ್ಕಕ್ಕೆ ಸರಿಯಾದ ಬಿಲ್ ಬೇಕು. ಮೆಟ್ಟಿಲು ಕಡಿದು, ಕತ್ತಲು. ಫೋನ್ ಎತ್ತುವುದು ಅಪರೂಪ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗಿರಾಕಿಗಳ ಫೈಲುಗಳಿರುವ ಹಾರ್ಡ್ ಡಿಸ್ಕನ್ನು ನಾನು ಊರಲ್ಲೇ ಬಿಟ್ಟು ಹೋಗಿದ್ದೆ, ಅದನ್ನು ಯಾವ ಅಂಗಡಿಗೂ ಒಯ್ಯುವುದಿಲ್ಲ. ತುಮಕೂರಿಗೆ ಬಂದು ಸಿಕ್ಕಿಸಿದರೆ ವಿಂಡೋಸ್ ಲೋಗೋ ಬರುವಷ್ಟರಲ್ಲಿ ನೀಲಿ ಪರದೆ, 0x0000007ಬಿ. ಹೊಸ ಬಯಾಸ್‌ನಲ್ಲಿ ಸೆಟ್ಟಿಂಗ್ ಎಲ್ಲ ಡಿಫಾಲ್ಟ್ ಆಗಿರುತ್ತಲ್ಲ, ಬೋರ್ಡು ಹಾರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ಐಡಿಇ ಆಗಿತ್ತು. ವಿಂಡೋಸ್ 7 ಯಾವ ಮೋಡಿನಲ್ಲಿ ಇನ್‌ಸ್ಟಾಲ್ ಆಗಿದೆಯೋ ಅದೇ ಬೇಕು. ಫೋನ್ ಸಿಕ್ಕಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು, ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯಾಸ್ ಒಳಗೆ ಹೋಗಿ ಬದಲಿಸಿದ ಮೇಲೆ ಸರಿಹೋಯಿತು. ಆದರೆ ಗೊತ್ತಿಲ್ಲದವರು ಹಾರ್ಡ್ ಡಿಸ್ಕೇ ಹೋಯಿತೆಂದು ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಿಬಿಟ್ಟಾರು. ಬೋರ್ಡು ವಾಪಸ್ ಕೊಡುವಾಗ ಸಾಟಾ ಮೋಡ್ ನೋಡಿಕೊಳ್ಳಿ ಎಂಬ ಆ ಒಂದು ಸಾಲನ್ನು ಚೀಟಿಯ ಮೇಲೆ ಬರೆದುಕೊಡಲೇಬೇಕು ಎಂದು ಅವರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಈಗ ಯಂತ್ರ ದಿನವಿಡೀ ಓಡುತ್ತಿದೆ, ಸೀಸನ್ನಿನ ಕಾರ್ಡುಗಳೆಲ್ಲ ಅದರಲ್ಲೇ ಆದವು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬಿಲ್ಲಿಗೆ ಮತ್ತು ಆ ಸಾಟಾ ಸಾಲಿಗೆ.

ಹೊರ ಊರಿನಿಂದ ಹೋಗುವವರು ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್, ಚಿಕ್ಕಪೇಟೆಯಲ್ಲಿ ಇಳಿದು ನಡೆಯಬಹುದು. ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಪೂರ್ತಿ ಕ್ಯಾಬಿನೆಟ್ ಹೊರಬೇಕಿಲ್ಲ. ಬೋರ್ಡು, ಅದರ ಮೇಲಿನ ಪ್ರೊಸೆಸರ್, ರ‍್ಯಾಮ್ ಮತ್ತು ಮರೆಯದೆ ನಿಮ್ಮ ಎಸ್‌ಎಂಪಿಎಸ್ ಒಯ್ಯಿರಿ. ಹೊರಡುವ ಮೊದಲೇ ಪ್ರೊಸೆಸರ್ ಬಿಚ್ಚಬೇಡಿ, ಸಾಕೆಟ್ ಮುಚ್ಚಿಯೇ ಇರಲಿ. ಬಯಾಸ್ ಸೆಟಪ್‌ನ ಪರದೆಗಳನ್ನು, ಯಂತ್ರ ಚೆನ್ನಾಗಿರುವಾಗಲೇ, ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.