ಒಂದೇ ಫ್ಲಾಪಿಯಲ್ಲಿ ಎಲ್ಲ ತುರುಕಲು ಹೋಗಿ: ಎಲ್‌ಝಡ್‌ಎಕ್ಸಿ, ಎಕ್ಸಿಪ್ಯಾಕ್, ಪಿಕೆಲೈಟ್, ಯುಪಿಎಕ್ಸ್

ಮೊದಲೇ ಹೇಳಿಬಿಡುತ್ತೇನೆ, ಹಳೆಯ ಡಾಸ್ ಆಪರೇಟಿಂಗ್ ಸಿಸ್ಟಮ್ಮಿನ ಪ್ರೋಗ್ರಾಂ ಫೈಲ್ ಕುಗ್ಗಿಸುವ ಈ ಟೂಲ್‌ಗಳಲ್ಲಿ ನನ್ನ ವೋಟು ಎಲ್‌ಝಡ್‌ಎಕ್ಸಿಗೆ.

ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿ ಅಂಗಡಿಯೊಂದರಿಂದ ಹಳೆಯ 386 ಕಂಪ್ಯೂಟರ್ ತಂದೆ. "ಹಾರ್ಡ್ ಡಿಸ್ಕ್ ಚಾಲೂ ಇದೆ ಸಾರ್" ಅಂದಿದ್ದರು. ಮನೆಯಲ್ಲಿ ಆನ್ ಮಾಡಿದರೆ ನಾಲ್ಕು ಸಲ ಕಟಕಟ ಅಂದು ಮಲಗಿತು, ಮತ್ತೆ ಏಳಲಿಲ್ಲ. ಉಳಿದಿದ್ದು 1.44 ಎಂಬಿ ಫ್ಲಾಪಿ ಡ್ರೈವ್ ಒಂದೇ. ಡಾಸ್, ಎಡಿಟರ್, ಕಾಲೇಜಿನಲ್ಲಿ ಬರೆದ ನನ್ನ ಪ್ರೋಗ್ರಾಂಗಳು, ಗೆಳೆಯನೊಬ್ಬ ಅಂಗಡಿಗಳಿಗೆ ಮಾಡಿಕೊಡುತ್ತಿದ್ದ ಸ್ಟಾಕ್ ಪ್ರೋಗ್ರಾಂ, ಎಲ್ಲವೂ ಒಂದೇ ಫ್ಲಾಪಿಯಲ್ಲಿ ಕೂರಬೇಕು. ಹಾಗಾಗಿ ಎಕ್ಸಿ ಫೈಲ್ (ನೇರ ಓಡುವ ಪ್ರೋಗ್ರಾಂ ಫೈಲ್) ಕುಗ್ಗಿಸುವ ಹಳೆಯ ಟೂಲ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ.

ಇವು ಜಿಪ್ ಥರ ಅಲ್ಲ. ಕುಗ್ಗಿದ ಮೇಲೂ ಫೈಲ್ ಎಕ್ಸಿಯೇ, ಹೆಸರು ಹೊಡೆದರೆ ಓಡುತ್ತದೆ. ಒಳಗಿರುವ ಚಿಕ್ಕ ಕೋಡ್ ಮೊದಲು ಎದ್ದು ಉಳಿದದ್ದನ್ನು ಮೆಮರಿಯಲ್ಲಿ ಬಿಡಿಸಿ ಹಾಕುತ್ತದೆ. ರ್‍ಯಾಮ್ ಏನೂ ಉಳಿಯುವುದಿಲ್ಲ, ಉಳಿಯುವುದು ಡಿಸ್ಕ್ ಜಾಗ ಮಾತ್ರ.

ಎಕ್ಸಿಪ್ಯಾಕ್ ಇವುಗಳಲ್ಲಿ ಹಿರಿಯಣ್ಣ. 1980ರ ದಶಕದಲ್ಲಿ ಲಿಂಕರ್ (ಕೋಡಿನ ತುಂಡುಗಳನ್ನು ಜೋಡಿಸಿ ಎಕ್ಸಿ ಮಾಡುವ ಟೂಲ್) ಜೊತೆಗೇ ಬರುತ್ತಿತ್ತು, ಕಮಾಂಡ್ ಜೊತೆ ಒಂದು ಸ್ವಿಚ್ (ಆಯ್ಕೆ) ಹೊಡೆದರೆ ಆಯಿತು. ಒಂದೇ ಬೈಟ್ ಸಾಲಾಗಿ ಬಂದರೆ "ಸೊನ್ನೆ, ಇನ್ನೂರು ಸಲ" ಅಂತ ಬರೆದುಕೊಳ್ಳುತ್ತದೆ, ಹೆಚ್ಚಿನ ಜಾಣತನ ಇಲ್ಲ. ಖಾಲಿ ಅರೇಗಳಿರುವ ಪ್ರೋಗ್ರಾಂ ಚೆನ್ನಾಗಿ ಕುಗ್ಗುತ್ತದೆ, ಬರೀ ಕೋಡ್ ಇದ್ದರೆ ಅಷ್ಟಕ್ಕಷ್ಟೇ. ಗೆಳೆಯನ ಸ್ಟಾಕ್ ಪ್ರೋಗ್ರಾಂ ಇದರಲ್ಲೇ ಕಟ್ಟಿದ್ದು. ನನ್ನ ಎರಡು ದಿನ ತಿಂದಿದ್ದೂ ಅದೇ.

ಮೊದಲ ದಿನ ಸರಿಯಾಗಿಯೇ ಓಡಿತು. ಆಮೇಲೆ ಮೆಮರಿ ಜಾಸ್ತಿ ಸಿಗಲಿ ಅಂತ ಕಾನ್ಫಿಗ್ ಫೈಲ್‌ಗೆ ಹೈಮೆಮ್, ಡಾಸ್=ಹೈ ಎರಡನ್ನೂ ಸೇರಿಸಿದೆ, ಡಾಸನ್ನು 1 ಎಂಬಿ ಮೇಲಕ್ಕೆ ಹತ್ತಿಸುವ ಸಾಲುಗಳು ಇವು. ಮುಂದಿನ ಸಲ ಓಡಿಸಿದರೆ ಸ್ಕ್ರೀನ್ ಮೇಲೆ ಒಂದೇ ಸಾಲು: "ಪ್ಯಾಕ್ಡ್ ಫೈಲ್ ಈಸ್ ಕರಪ್ಟ್". ಫ್ಲಾಪಿಗೆ ಬೂಷ್ಟು ಹಿಡಿದಿದೆ ಅಂದುಕೊಂಡೆ, ಮಳೆಗಾಲ ಕಂಡ ಹಳೆ ಫ್ಲಾಪಿಗಳಿಗೆ ಅದು ಮಾಮೂಲು. ಬೇರೆ ಫ್ಲಾಪಿಗೆ ಕಾಪಿ ಮಾಡಿದೆ, ಅದೇ ಕಥೆ. ಮೂರನೆಯದೂ ಅದೇ. ಎಫ್‌ಸಿ ಕಮಾಂಡ್ ಹಾಕಿ ಮೂರನ್ನೂ ಹೋಲಿಸಿದರೆ ಒಂದು ಬೈಟೂ ಆಚೀಚೆ ಇಲ್ಲ. ಫೈಲ್ ಕೆಟ್ಟೇ ಇಲ್ಲ, ಸುಮ್ನೆ ಸುಳ್ಳು ಹೇಳುತ್ತಿದೆ!

ಆಗುವುದು ಇಷ್ಟು. ಪ್ರೋಗ್ರಾಂ ಮೆಮರಿಯ ಮೊದಲ 64 ಕೆಬಿ ಒಳಗೆ ಲೋಡ್ ಆದರೆ, ಎಕ್ಸಿಪ್ಯಾಕ್‌ನ ಬಿಡಿಸುವ ಕೋಡ್ ವಿಳಾಸದ ಲೆಕ್ಕ ಹಾಕುತ್ತಾ ಸೊನ್ನೆಗಿಂತಲೂ ಹಿಂದಕ್ಕೆ ಹೋಗಿಬಿಡಬಹುದು. ಹಳೆ 8088 ಚಿಪ್‌ಗೆ ವಿಳಾಸದ ತಂತಿ 20 ಮಾತ್ರ. 1 ಎಂಬಿ ದಾಟಿದರೆ ಸ್ಕೂಟರ್ ಮೀಟರ್ 99999 ಆದಮೇಲೆ ಸೊನ್ನೆಗೆ ತಿರುಗಿದ ಹಾಗೆ ತಿರುಗುತ್ತದೆ, ತಪ್ಪು ಲೆಕ್ಕವೂ ತಾನಾಗಿ ಸರಿಹೋಗುತ್ತದೆ. 286ರಿಂದ ಮೇಲೆ ಎ20 ಅನ್ನುವ ಇನ್ನೊಂದು ತಂತಿ ಬಂತು. ಡಾಸ್ ತಾನೇ 1 ಎಂಬಿ ಮೇಲಕ್ಕೆ ಹತ್ತಿ ಕೂತಾಗ ಆ ತಂತಿ ಚಾಲೂ ಇರುತ್ತದೆ, ಮೀಟರ್ ತಿರುಗುವುದಿಲ್ಲ. ಜೊತೆಗೆ ಕೆಳಗೆ ಜಾಗ ತೆರವಾಗಿ ಪ್ರೋಗ್ರಾಂ ಸೀದಾ ಆ 64 ಕೆಬಿ ಒಳಗೇ ಬಂದು ಬೀಳುತ್ತದೆ.

1991ರ ಡಾಸ್ 5ರಲ್ಲಿ ಇದಕ್ಕೆ ಲೋಡ್‌ಫಿಕ್ಸ್ ಅನ್ನುವ ಕಮಾಂಡ್ ಬಂತು. ಪ್ರೋಗ್ರಾಂ ಹೆಸರಿಗೆ ಮೊದಲು ಅದನ್ನು ಹೊಡೆದರೆ 64 ಕೆಬಿ ದಾಟಿಸಿ ಲೋಡ್ ಮಾಡುತ್ತದೆ. ಕೆಲಸ ಆಗುತ್ತದೆ ನಿಜ, ಆದರೆ ಮೆಮರಿ ಉಳಿಸಲು ಇಷ್ಟೆಲ್ಲ ಮಾಡಿ ಮತ್ತೆ ಮೆಮರಿಯನ್ನೇ ಬಿಟ್ಟುಕೊಡುವುದು ಯಾವ ಲೆಕ್ಕ ಅಲ್ವಾ? ಪ್ರತಿ ಸಲ ಹೊಡೆಯುವುದನ್ನು ನಾನು ಮರೆಯುತ್ತೇನೆ ಬೇರೆ. (ಇಂದಿನ ಕಂಪ್ಯೂಟರಿನಲ್ಲಿ ಡಾಸ್ ಗೇಮ್ ಓಡಿಸುವ ಡಾಸ್‌ಬಾಕ್ಸ್‌ನಲ್ಲೂ ಇದೇ ಹೆಸರಿನ ಕಮಾಂಡ್ ಇದೆ, ಹಳೆ ಗೇಮ್ ಆಡುವವರು ನೆನಪಿಟ್ಟುಕೊಳ್ಳಿ.)

ಎಲ್‌ಝಡ್‌ಎಕ್ಸಿ ನನಗೆ ಹಿಡಿಸಿದ್ದು ಇಲ್ಲೇ. ಅದರ ಜೊತೆಯಲ್ಲೇ ಅಪ್ಯಾಕ್‌ಎಕ್ಸಿ ಅನ್ನುವ ಪುಟ್ಟ ಟೂಲ್ ಬರುತ್ತದೆ, ಎಕ್ಸಿಪ್ಯಾಕ್ ಹಾಕಿದ ಗಂಟನ್ನು ಬಿಚ್ಚಿಕೊಡುತ್ತದೆ. ಬಿಚ್ಚಿದೆ, ಎಲ್‌ಝಡ್‌ಎಕ್ಸಿಗೆ ಕೊಟ್ಟೆ, ಮೊದಲಿಗಿಂತ ಚಿಕ್ಕದಾಯಿತು, ಡಾಸ್=ಹೈ ಇದ್ದೂ ಓಡಿತು. ಭಜನೆ ಪುಸ್ತಕದಲ್ಲಿ ಪಲ್ಲವಿಯನ್ನು ಪ್ರತಿ ಸಲ ಪೂರ್ತಿ ಅಚ್ಚು ಹಾಕದೆ ಒಂದೆರಡು ಪದ ಹಾಕಿ ಚುಕ್ಕಿ ಇಡುತ್ತಾರಲ್ಲ, ಇದರ ಕೆಲಸವೂ ಹಾಗೇ: ಹಿಂದೆ ಬಂದ ತುಂಡು ಮತ್ತೆ ಬಂದರೆ "ಇಷ್ಟು ಹಿಂದಕ್ಕೆ ಹೋಗಿ ಇಷ್ಟು ತಗೋ" ಅಂತ ಮಾತ್ರ ಬರೆಯುತ್ತದೆ. 1989ರಲ್ಲಿ ಇದನ್ನು ಬರೆದಾಗ ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲಾರ್‌ಗೆ 17 ವರ್ಷ. ಮುಂದೆ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಟೂಲ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಕ್ಯೂಎಮು ಶುರು ಮಾಡಿದ್ದೂ ಅವರೇ. 386 ತರುವ ಮೊದಲು ನಾನು ಡಾಸ್ ಓಡಿಸುತ್ತಿದ್ದುದು ಕ್ಯೂಎಮು ಒಳಗೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂದರೆ ಒಪ್ಪಿಕೊಳ್ಳುತ್ತೇನೆ.

ಕೊರತೆಗಳೂ ಇವೆ. ಕಾಮ್ ಫೈಲನ್ನು (ಡಾಸ್‌ನ ಇನ್ನೊಂದು ಬಗೆಯ ಪ್ರೋಗ್ರಾಂ ಫೈಲ್) ಮೊದಲು ಎಕ್ಸಿ ಮಾಡಿಕೊಡಬೇಕು. ತಾನು ಕಟ್ಟಿದ್ದನ್ನು ತಾನೇ ಬಿಚ್ಚುವುದಿಲ್ಲ, ಅದಕ್ಕೆ ಅನ್‌ಎಲ್‌ಝಡ್‌ಎಕ್ಸಿ ಅಂತ ಬೇರೆಯವರ ಟೂಲ್ ಹುಡುಕಬೇಕು.

ಪಿಕೆಲೈಟ್ 1990ರದ್ದು, ಪಿಕೆಜಿಪ್‌ನ ಫಿಲ್ ಕಾಟ್ಜ್ ಅವರ ಪಿಕೆವೇರ್ ಕಂಪನಿಯದು. ನನ್ನ ಫೈಲ್‌ಗಳಲ್ಲಿ ಗಾತ್ರ ಹೆಚ್ಚೂಕಮ್ಮಿ ಸಮ. ಕಾಮ್ ಫೈಲನ್ನೂ ನೇರ ತೆಗೆದುಕೊಳ್ಳುತ್ತದೆ, ಎಕ್ಸ್ ಸ್ವಿಚ್ ಕೊಟ್ಟರೆ ಬಿಚ್ಚಿಯೂ ಕೊಡುತ್ತದೆ. ಆದರೆ ಇದು ಶೇರ್‌ವೇರ್ (ಬಳಸಿ ನೋಡಿ ಆಮೇಲೆ ದುಡ್ಡು ಕಟ್ಟುವ ಬಗೆ), ಎಲ್‌ಝಡ್‌ಎಕ್ಸಿ ಪುಕ್ಕಟೆ.

ಜಪಾನಿನ ಡಯಟ್ ಅನ್ನುವ ಟೂಲ್ ಡೇಟಾ ಫೈಲನ್ನೂ ಕುಗ್ಗಿಸುತ್ತದೆ, ಆದರೆ ಅದಕ್ಕೆ ಡಯಟ್ ಸದಾ ಮೆಮರಿಯಲ್ಲಿ ಕೂತಿರಬೇಕು. ನನಗೆ ಆಗಿಬರಲಿಲ್ಲ.

ಕುಗ್ಗಿಸುವುದರಲ್ಲಿ ಮಾತ್ರ ಗೆದ್ದಿದ್ದು ಯುಪಿಎಕ್ಸ್. 1990ರ ದಶಕದ ಕೊನೆಯಲ್ಲಿ ಬಂತು, ಅಷ್ಟು ಹೊತ್ತಿಗೆ ಡಾಸ್ ಕಾಲವೇ ಮುಗಿಯುತ್ತಿತ್ತು. ಓಪನ್ ಸೋರ್ಸ್, ಡಿ ಸ್ವಿಚ್ ಹಾಕಿದರೆ ಫೈಲ್ ವಾಪಸ್. 8088 ಯಂತ್ರಕ್ಕೆ ಮಾಡುವುದಾದರೆ 8086 ಸ್ವಿಚ್ ಮರೆಯಬೇಡಿ. ಲ್ಯಾಪ್‌ಟಾಪಿನಲ್ಲೇ ಕಟ್ಟಿ ಫ್ಲಾಪಿಗೆ ಹಾಕುವವರಿಗೆ ಇದೇ ಸರಿ, ಆಂಟಿವೈರಸ್ ಸುಳ್ಳೇ ಕೂಗಾಡಿದರೆ ಗಾಬರಿಯಾಗಬೇಡಿ. ನಾನು 386 ಮುಂದೆಯೇ ಕೂತು ಮಾಡಬೇಕು ಅನ್ನುವ ಹಠದವನು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ, ವೇಗ. ಈ ಫ್ಲಾಪಿ ಸೆಕೆಂಡಿಗೆ 5 ಸುತ್ತು ಸುತ್ತುತ್ತದೆ, ಸುತ್ತಿಗೆ 512 ಬೈಟ್‌ನ 18 ಸೆಕ್ಟರ್, ಅಂದರೆ ಎಷ್ಟು ಬೇಗ ಅಂದರೂ ಸೆಕೆಂಡಿಗೆ 45 ಕೆಬಿ. 180 ಕೆಬಿ ಫೈಲ್ ಅರ್ಧವಾದರೆ 2 ಸೆಕೆಂಡ್ ಉಳಿಯಿತು, 386 ಅದನ್ನು ಬಿಡಿಸುವುದು ಗೊತ್ತೂ ಆಗುವುದಿಲ್ಲ.

ವಿಂಡೋಸ್ ಎಕ್ಸಿಗಳಿಗೆ ಡಾಸ್ ಕಾಲದ ಈ ಟೂಲ್‌ಗಳನ್ನು ಹಾಕಬೇಡಿ. ಓವರ್‌ಲೇ (ಬೇಕಾದಾಗ ಮಾತ್ರ ಡಿಸ್ಕಿನಿಂದ ಲೋಡ್ ಆಗುವ ತುಂಡು) ಇರುವ ಪ್ರೋಗ್ರಾಂಗಳೂ ಕೆಡಬಹುದು, ಮೂಲ ಫೈಲ್ ಎತ್ತಿಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಗೆಳೆಯನಿಗೆ ಫೋನ್ ಮಾಡಿ "ನಿನ್ನ ಪ್ರೋಗ್ರಾಂ ಓಡ್ತಿದೆ ಕಣೋ, ಎಕ್ಸಿಪ್ಯಾಕ್ ತೆಗೆಯೋಕೆ ಎರಡು ದಿನ ಹೋಯ್ತು" ಅಂದೆ. "ಎಕ್ಸಿಪ್ಯಾಕ್ ಹಾಕಿದ್ದೆನಾ?" ಅಂದ.