ಟಂಕಸಾಲೆಯ ತಪ್ಪೋ, ಆಮೇಲಿನ ಪೆಟ್ಟೋ?
1862ರ ವಿಕ್ಟೋರಿಯಾ ಕಾಲಾಣೆ ನಾಣ್ಯ ಎರಡಿವೆ ಅಂದುಕೊಳ್ಳಿ. ಎರಡರ ಅಂಚಿನಲ್ಲೂ ಒಂದು ಚೂರಿಲ್ಲ. ಯಾವುದಕ್ಕೆ ಜಾಸ್ತಿ ದುಡ್ಡು ಕೊಡಬೇಕು?

ಚೂರು ಹೋದ ಜಾಗದ ನೇರ ಎದುರಿನ ಅಂಚು ನೋಡಿ. ಅಚ್ಚು ಒತ್ತುವ ಮೊದಲೇ ಬಿಲ್ಲೆ (ನಾಣ್ಯವಾಗಬೇಕಾದ ಲೋಹದ ತುಂಡು) ಚೂರು ಕಳೆದುಕೊಂಡಿದ್ದರೆ, ಅಂಚು ಎಬ್ಬಿಸುವಾಗ ಆ ಎದುರಿನ ಜಾಗಕ್ಕೆ ಸರಿಯಾಗಿ ಒತ್ತಡ ಸಿಕ್ಕಿರುವುದಿಲ್ಲ. ಹಾಗಾಗಿ ಅಲ್ಲಿ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಆಮೇಲೆ ಯಾರೋ ಕತ್ತರಿಸಿದ್ದರೆ ಎದುರಿನ ಅಂಚು ಗಟ್ಟಿಯಾಗೇ ಇರುತ್ತದೆ. ನಾನಾದರೆ ಟಂಕಸಾಲೆಯಲ್ಲೇ ತಪ್ಪಾದ ಮೊದಲನೆಯದನ್ನೇ ಕೊಳ್ಳುತ್ತೇನೆ.

ರಾಣಿಯ ಕೆನ್ನೆ ಮೇಲೆ ಗೆರೆಯಿದೆಯೇ? ಭೂತಗನ್ನಡಿ ಹಿಡಿಯಿರಿ. ಉಬ್ಬಿದ್ದರೆ ಅಚ್ಚೇ ಬಿರುಕು ಬಿಟ್ಟು, ಆ ಬಿರುಕಿಗೆ ಲೋಹ ನುಗ್ಗಿರುತ್ತದೆ. ತಗ್ಗಿದ್ದರೆ ಸುಮ್ನೆ ಗೀರು, ಅಷ್ಟೇ. ಕಿರೀಟ, ಕೂದಲಿನಂಥ ಎತ್ತರದ ಜಾಗ ಮಾತ್ರ ನುಣುಪಾಗಿದ್ದರೆ ಅದು ಬಹುಮಟ್ಟಿಗೆ ಕೈಯಿಂದ ಕೈಗೆ ಓಡಾಡಿದ ಸವೆತ. ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಸಿದ್ದನ್ನಂತೂ ಮುಟ್ಟಲೇಬೇಡಿ.