ನರೆಗೂದಲಿಗೆ ಹೈಲೈಟ್, ಲೋಲೈಟ್: ಮೂರು ವರ್ಷ ಮಾಡಿಸಿಕೊಂಡ ಮೇಲೆ

ನನಗೀಗ 61. ಇಪ್ಪತ್ತು ವರ್ಷ ಕಪ್ಪು ಡೈ ಹಚ್ಚಿದವಳು. ಕೊನೆಕೊನೆಗೆ ಹದಿನೈದು ದಿನಕ್ಕೊಮ್ಮೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಎರಡೇ ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ ರೆಡಿ. ಶಾಲೆಯಲ್ಲಿ ನೋಟ್‌ಬುಕ್ ತಿದ್ದಲು ತಲೆ ಬಗ್ಗಿಸಿದರೆ ಎದುರು ನಿಂತ ಮಕ್ಕಳ ಕಣ್ಣು ಅಲ್ಲಿಗೇ. ಆಮೇಲೆ ಕಿವಿ ಹಿಂದೆ ತುರಿಕೆ ಶುರುವಾಯಿತು. ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ನಿಮಗೆ ಆಗುತ್ತಿಲ್ಲ ಅಂದರು ಚರ್ಮದ ಡಾಕ್ಟರು. ಪ್ಯಾಕೆಟ್‌ನ ಕಪ್ಪು ಮೆಹಂದಿ ಹಚ್ಚೋಣವೆಂದರೆ ಅದರಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದಿ.

ಹಾಗಾಗಿ ಡೈ ಬಿಟ್ಟು ಹೈಲೈಟ್ ಮಾಡಿಸಲು ಹೊರಟೆ, ಅಂದರೆ ಅಲ್ಲಲ್ಲಿ ಎಳೆಗಳ ಬಣ್ಣ ತಿಳಿ ಮಾಡಿಸಲು. ಮೊದಲು ಹೋದ ಪಾರ್ಲರ್ ಹೆಸರು ಬೇಡ. ದಪ್ಪ ದಪ್ಪ ಪಟ್ಟಿ ತೆಗೆದು ಬ್ಲೀಚ್ ಮೆತ್ತಿದರು. ಹಳೇ ಕಪ್ಪು ಡೈ ಬ್ಲೀಚ್‌ಗೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಿಟ್ಟರೂ ಮೊದಲು ಕೆಂಪು, ಆಮೇಲೆ ಕಿತ್ತಳೆ. ಆ ಬಣ್ಣ ತಣ್ಣಗೆ ಮಾಡಲು ಟೋನರ್ ಹಾಕಬೇಕಿತ್ತು, ಹಾಕದೇ ಕಳಿಸಿದರು. ನಮ್ಮ ಯಜಮಾನರು ಒಮ್ಮೆ ನೋಡಿ, 'ಮಿರ್ಚಿ ಹದವಾಗಿ ಕರಿದಿದ್ದಾರೆ' ಅಂದರು. ಒಂದು ತಿಂಗಳು ನಮ್ಮ ದಾವಣಗೆರೆಯ ಮಂಡಿಪೇಟೆಗೆ ಸೆರಗು ಹೊದ್ದೇ ಹೋದೆ.

ಎರಡನೆಯ ಜಾಗ ಪಿ.ಜೆ. ಬಡಾವಣೆಯಲ್ಲಿ. ಅಲ್ಲಿನ ಹುಡುಗಿ ಬಾಟಲಿ ಮುಟ್ಟುವ ಮೊದಲು ಕಾಲು ಗಂಟೆ ಕೂದಲನ್ನೇ ನೋಡಿದಳು. ಅರ್ಧಕ್ಕಿಂತ ಜಾಸ್ತಿ ನೆರೆತ ತಲೆಗೆ ಹೈಲೈಟ್‌ಗಿಂತ ಲೋಲೈಟ್ ಮುಖ್ಯವಂತೆ. ಅಂದರೆ ಬಿಳಿಯ ನಡುವೆ ಅಲ್ಲಲ್ಲಿ ತೆಳುವಾಗಿ ಗಾಢ ಎಳೆ. ಅದೂ ಕಪ್ಪಲ್ಲ, ಬೂದಿ ಮಿಶ್ರಿತ ಕಂದು. ಹೈಲೈಟ್ ಮಾಡಿದ್ದು ಕೆಳಗಿನ ಹಳೇ ಡೈ ಭಾಗಕ್ಕೆ ಮಾತ್ರ, ಅಲ್ಲಿನ ಕಪ್ಪು ಗಡಿ ಒಡೆಯಲು. ನನಗಾಗಿ ಪಿಪಿಡಿ ಇಲ್ಲದ, ತೊಳೆದಂತೆಲ್ಲ ಮಾಸುವ ಬಣ್ಣ ಹುಡುಕಿದಳು. ತುರಿಕೆ ಬರುತ್ತದೋ ನೋಡಲು ಮೊಣಕೈ ಒಳಗೆ ಹಚ್ಚಿ 48 ಗಂಟೆ ಕಾದೆವು. ಫಾಯಿಲ್‌ನಲ್ಲಿ ಸುತ್ತಿ, ಬುಡದಿಂದ ಅರ್ಧ ಬೆರಳು ಬಿಟ್ಟೇ ಹಚ್ಚುತ್ತಾಳೆ, ಚರ್ಮಕ್ಕೆ ತಾಗುವುದು ಕಡಿಮೆ. ನಿಮಗೂ ಡೈ ಅಲರ್ಜಿ ಇದ್ದರೆ ಮೊದಲು ಡಾಕ್ಟರನ್ನೇ ಕೇಳಿ.

ಮೊದಲ ಸಲ ನಾಲ್ಕು ಗಂಟೆ, 4,500 ರೂಪಾಯಿ. ಸೊಂಟದ ಕಥೆ ಕೇಳಬೇಡಿ. ಈಗ ಮೂರು ತಿಂಗಳಿಗೊಮ್ಮೆ ಲೋಲೈಟ್ ಮಾತ್ರ, 1,800. ದುಬಾರಿ ಹೌದು. ಡೈ ಪ್ಯಾಕೆಟ್ ಲೆಕ್ಕಕ್ಕೆ ಹೋಲಿಸಿದರೆ ಜಾಸ್ತಿಯೇ. ಆದರೆ ಮದುವೆ ಕರೆಯೋಲೆ ಬಂದ ಕೂಡಲೇ 'ಡೈ ಹಚ್ಚಿ ಎಷ್ಟು ದಿನವಾಯ್ತು' ಅಂತ ಕ್ಯಾಲೆಂಡರ್ ನೋಡುವುದು ನಿಂತಿದೆ. ಬಣ್ಣ ಮಾಸಿದರೂ ಗೆರೆ ಬೀಳುವುದಿಲ್ಲ. ನಾನು ದುಡ್ಡು ಕೊಡುವುದು ಇದಕ್ಕೇ. ವಯಸ್ಸು ಕಡಿಮೆ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಾನು 61ರ ಹಾಗೇ ಕಾಣುತ್ತೇನೆ.

ತೊಂದರೆ ಕೊಟ್ಟಿದ್ದು ನೀರು. ನಮ್ಮ ಮನೆ ಬೋರ್‌ವೆಲ್ ನೀರು ಗಡಸು, ಬಿಳಿ ಎಳೆಗಳು ಎರಡು ತಿಂಗಳಿಗೆ ಹಳದಿ ತಿರುಗಿದವು. ಈಗ ತಲೆಗೆ ನಳದ ನೀರು ಮಾತ್ರ, ಬಕೆಟ್ ತುಂಬಿ ಇಡುತ್ತೇನೆ. ಸೀಗೆಕಾಯಿ ಬಿಟ್ಟೆ, ಬಿಳಿ ಮಂಕಾಗುತ್ತಿತ್ತು. ವಾರಕ್ಕೊಮ್ಮೆ ನೇರಳೆ ಶಾಂಪೂ, ನೇರಳೆ ಹಳದಿಯನ್ನು ಕೊಲ್ಲುತ್ತದೆ. ಒಮ್ಮೆ ಫೋನಿನಲ್ಲಿ ಮಾತಾಡುತ್ತಾ ಇಪ್ಪತ್ತು ನಿಮಿಷ ಹಾಗೇ ಬಿಟ್ಟೆ. 'ಅಜ್ಜಿ ತಲೇಲಿ ಬದನೆಕಾಯಿ' ಅಂತ ಮೊಮ್ಮಗಳು ಓಣಿಗೆಲ್ಲ ಸಾರಿದಳು. ಮೂರು ನಾಲ್ಕು ಸಲ ತೊಳೆದ ಮೇಲೆ ಹೋಯಿತು.

ಬ್ಲೀಚ್ ಕಂಡ ತುದಿಗಳು ಹುಲ್ಲಿನಂತಾಗಿದ್ದವು. ಜಡೆ ಭುಜದವರೆಗೆ ಕತ್ತರಿಸಿದೆ, ಸ್ವಲ್ಪ ಬೇಜಾರಾಯಿತು. ಹಳೇ ಡೈ ಪೂರ್ತಿ ಹೋಗಲು ಎರಡು ವರ್ಷ ಹಿಡಿಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಸೊಂಟಕ್ಕೆ ಕಡಿತ. ಕುಂದವಾಡ ಕೆರೆ ವಾಕಿಂಗ್‌ನಲ್ಲಿ ಇಬ್ಬರು ಗೆಳತಿಯರು ವಿಳಾಸ ಕೇಳಿ ಹೋಗಿ ಬಂದಿದ್ದಾರೆ. ನಾನು ಮುಂದಿನ ಸಲ ಹಣೆ ಹತ್ತಿರದ ಎಳೆಗಳಿಗೆ ಬಣ್ಣ ಬೇಡ ಅಂತ ಹೇಳಿದ್ದೇನೆ. ಅವು ಹಾಗೇ ಬೆಳ್ಳಗೆ ಚೆನ್ನಾಗಿವೆ.